ರಾಜೀನಾಮೆ ಕೊಟ್ಟವರು ಯಾರು? ಇಂದಿನ ಕಥನದಲ್ಲಿ ಕಚೇರಿಯ ಪ್ರೇಮ



ಈ ದತ್ತಿ ಉಪನ್ಯಾಸದ ವಿಷಯ ಹೇಳಿದಾಗ ಸಂಚಾಲಕರು ಫೋನಿನ ಆ ಕಡೆ ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, “ಸಾರ್, ದತ್ತಿ ಇರೋದು ದಾನಿಗಳ ತಾಯಿಯವರ ಹೆಸರಲ್ಲಿ. ಆಫೀಸಿನ ಪ್ರೇಮ ಅಂತ ಆಹ್ವಾನ ಪತ್ರಿಕೇಲಿ ಹಾಕಿದ್ರೆ…” ಎಂದು ರಾಗ ಎಳೆದರು. ಆ ತಾಯಿ ಟ್ರಂಕ್ ಕಾಲ್ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರೆಂದು ನನಗೆ ಗೊತ್ತಾದದ್ದು ಆಮೇಲೆ. ಊರಿನ ಅರ್ಧ ಪ್ರೇಮಗಳು ಅವರ ಕಿವಿಯ ಮೇಲೆಯೇ ಹಾದುಹೋಗಿರಬೇಕು. ಇವತ್ತು ಅವರಿದ್ದಿದ್ದರೆ ವೇದಿಕೆ ಅವರದಾಗಬೇಕಿತ್ತು, ನಾನು ಎದುರು ಸಾಲಿನಲ್ಲಿ ಕೂತು ಕೇಳಬೇಕಿತ್ತು.

ನಾನು ಗುಮಾಸ್ತನಾಗಿ ಸೇರಿದ್ದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಬ್ಯಾಂಕ್ ಶಾಖೆಗೆ. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ದಪ್ಪ ರಟ್ಟಿನ ಲೆಡ್ಜರು, ಹಿತ್ತಾಳೆ ಟೋಕನ್ನು, ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಳ್ಳುವ ವೋಚರುಗಳು. ತಿಂಗಳ ಕೊನೆಗೆ ಉಳಿತಾಯ ಖಾತೆಗಳ ಬಾಕಿಯನ್ನೆಲ್ಲ ಪಟ್ಟಿ ಮಾಡಿ, ಕೂಡಿ, ಜನರಲ್ ಲೆಡ್ಜರಿನ ಮೊತ್ತದೊಂದಿಗೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಒಬ್ಬರು ಅಂಕಿ ಓದುತ್ತ ಹೋಗಬೇಕು, ಇನ್ನೊಬ್ಬರು ಟಿಕ್ ಹಾಕುತ್ತ ಬರಬೇಕು. ನಮ್ಮ ಶಾಖೆಯಲ್ಲಿ ಓದುತ್ತಿದ್ದವರು ಒಬ್ಬ ಹುಡುಗಿ, ಟಿಕ್ ಹಾಕುತ್ತಿದ್ದವನು ನನ್ನ ರೂಮಿನ ಗೆಳೆಯ. ತಿಂಗಳುಗಟ್ಟಲೆ ಅವರಿಬ್ಬರೂ ಅಂಕಿಗಳನ್ನು ಬಿಟ್ಟು ಬೇರೇನೂ ಮಾತಾಡಿದ್ದು ನಾನು ಕೇಳಿಲ್ಲ. ಒಂದು ಸಲ 270 ರೂಪಾಯಿ ವ್ಯತ್ಯಾಸ ಮೂರು ದಿನ ಕಾಡಿತು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾವುದೋ ಅಂಕಿ ಹಿಂದುಮುಂದಾಗಿರಬಹುದು ಎನ್ನುವುದು ಲೆಕ್ಕದವರ ಹಳೆಯ ಸೂತ್ರ. ಆಕೆ ಸಂಜೆ ಏಳರ ಹೊತ್ತಿಗೆ ಹಿಡಿದರು: 4360 ಇರಬೇಕಾದ ಕಡೆ 4630. ಬರೆದವನು ಇವನೇ. “ನಿಮ್ಮ ಆರು ಯಾವತ್ತೂ ಅವಸರದಲ್ಲಿರುತ್ತೆ” ಎಂದರಂತೆ. ಆ ರಾತ್ರಿ ರೂಮಿಗೆ ಬಂದು ಅವನು ಆ ಒಂದು ವಾಕ್ಯವನ್ನು ಎಷ್ಟು ಸಲ ಹೇಳಿದನೆಂದರೆ, ಇಷ್ಟು ವರ್ಷವಾದರೂ ನನಗೆ ಬಾಯಿಪಾಠವಾಗಿದೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಕಚೇರಿಯ ಪ್ರೇಮಕಥೆ ಅಂತ ಯಾವುದಾದರೂ ಪುಸ್ತಕ ಕೈಗೆ ಬಂದರೆ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇವರಿಬ್ಬರೂ ಮಾಡುವ ಕೆಲಸ ಏನು? ಕಚೇರಿಯನ್ನು ತೆಗೆದು ಆ ಜಾಗಕ್ಕೆ ಬಸ್‌ಸ್ಟಾಪನ್ನೋ ಮದುವೆ ಮನೆಯನ್ನೋ ಇಟ್ಟರೂ ಕಥೆ ಅಲುಗದೆ ನಿಂತರೆ ಅದು ಕಚೇರಿಯ ಕಥೆಯಲ್ಲ, ಕಚೇರಿಯ ಪರದೆ ಕಟ್ಟಿದ ನಾಟಕ. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಡಾಕ್ಟರ್–ನರ್ಸ್ ಕಾದಂಬರಿಗಳನ್ನು ನಮ್ಮ ಬಾಡಿಗೆ ಪುಸ್ತಕದಂಗಡಿಗಳಿಂದ ಕದ್ದುಮುಚ್ಚಿ ತಂದು ಓದಿದವರು ಇಲ್ಲೂ ಇದ್ದೀರಿ, ನಗು ನೋಡಿದರೆ ಗೊತ್ತಾಗುತ್ತದೆ. ಅವುಗಳಲ್ಲಿ ಎಷ್ಟೋ ಪುಸ್ತಕಗಳಲ್ಲಿ ಸ್ಟೆತಸ್ಕೋಪು ಒಡವೆಯ ಹಾಗೆ ಕೊರಳಲ್ಲಿರುತ್ತದೆ. ಯಾರಿಗೆ ಜ್ವರ ಇಳಿಯಿತು, ಯಾರಿಗೆ ಇಳಿಯಲಿಲ್ಲ ಎನ್ನುವುದು ಕಥೆಗೆ ಬೇಕಾಗಿಲ್ಲ.

ನಮ್ಮಲ್ಲಿ ತೊಡಕು ಬೇರೆ ತರದ್ದು. ಕನ್ನಡ ಕಾದಂಬರಿ ಕಚೇರಿಯ ಪ್ರೇಮವನ್ನು ಬಹುಕಾಲ ಮನೆಯ ಹೊಸ್ತಿಲಲ್ಲಿ ನಿಂತು ನೋಡಿತು. ತ್ರಿವೇಣಿಯವರ ‘ಶರಪಂಜರ’ವನ್ನು ನೆನೆಯಿರಿ. ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ಮೇಲೆ ಕಾದಂಬರಿ ಓದದವರಿಗೂ ಕಾವೇರಿ ಗೊತ್ತು. ಮಾನಸಿಕ ಆಸ್ಪತ್ರೆಯಿಂದ ಮನೆಗೆ ಬಂದವಳಿಗೆ ಗಂಡ ತನ್ನ ಕಚೇರಿಯ ವಿಮಲಾಳೊಂದಿಗೆ ಸಂಬಂಧದಲ್ಲಿರುವುದು ತಿಳಿಯುತ್ತದೆ. ನಮ್ಮ ಕರುಳು ಕಾವೇರಿಯ ಕಡೆಗೇ ಹೋಗುತ್ತದೆ, ಹೋಗಬೇಕಾದದ್ದೂ ಹಾಗೆಯೇ. ಆದರೂ ಕೇಳಬೇಕೆನಿಸುತ್ತದೆ: ಆ ವಿಮಲಾ ಯಾರು? ಅವಳ ಮೇಜಿನ ಮೇಲೆ ಏನಿತ್ತು? ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡುತ್ತಿದ್ದಳು, ಸಂಬಳದಲ್ಲಿ ಎಷ್ಟು ತವರಿಗೆ ಕೊಡುತ್ತಿದ್ದಳು? ಹೊಸ್ತಿಲಲ್ಲಿ ನಿಂತವರಿಗೆ ಆಫೀಸಿನ ಹೆಂಗಸು ಒಂದು ಸೀರೆ, ಒಂದು ನಗು, ಒಂದು ಅನುಮಾನ, ಅಷ್ಟೆ. ಇದನ್ನು ತ್ರಿವೇಣಿಯವರ ಕೊರತೆ ಎಂದು ಹೇಳುತ್ತಿಲ್ಲ. ಅವರು ಬರೆಯಲು ಹೊರಟದ್ದು ಬೇರೆ, ಬರೆದದ್ದು ಗಟ್ಟಿ. ವಿಮಲಾಳ ಕಡೆಯಿಂದ ಬರೆಯಬೇಕಾಗಿದ್ದವರು ಅವರ ನಂತರ ಬಂದವರು.

ಬಂಗಾಳಿಯಲ್ಲಿ ನರೇಂದ್ರನಾಥ ಮಿತ್ರರ ಕಥೆಯನ್ನು ಆಧರಿಸಿ ಸತ್ಯಜಿತ್ ರಾಯ್ 1963ರಲ್ಲಿ ‘ಮಹಾನಗರ’ ಮಾಡಿದರು. ಹೆಂಡತಿ ಆರತಿ ಮನೆಮನೆಗೆ ಹೋಗಿ ಹೆಣಿಗೆ ಯಂತ್ರ ಮಾರುತ್ತಾಳೆ, ಗಂಡನಿಗೆ ಒಳಗೇ ಕುದಿತ. ಅವನು ಹೆದರಿಕೊಂಡದ್ದು ನಡೆಯುವುದಿಲ್ಲ. ಕಚೇರಿಯಲ್ಲಿ ಅವಳಿಗೆ ಒದಗುವುದು ಎಡಿತ್ ಎಂಬ ಆಂಗ್ಲೋ ಇಂಡಿಯನ್ ಹುಡುಗಿಯ ಸ್ನೇಹ ಮತ್ತು ಅವಳು ಕೊಟ್ಟ ಒಂದು ಲಿಪ್‌ಸ್ಟಿಕ್. ಆ ಎಡಿತ್‌ಗೆ ಅನ್ಯಾಯವಾದಾಗ ಆರತಿ ರಾಜೀನಾಮೆ ಕೊಟ್ಟು ಬರುತ್ತಾಳೆ. ರಾಜೀನಾಮೆ ಎಂಬ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈಗ ಈ ಕಾಲದ ಕಾದಂಬರಿಗಳಿಗೆ ಬರೋಣ. ಕಳೆದ ಮೂರು ದಶಕಗಳಲ್ಲಿ ಬಂದವುಗಳಲ್ಲಿ ನನ್ನ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟವುಗಳಲ್ಲಿ ಒಂದು, ಅಮೆರಿಕದ ರೇನ್‌ಬೋ ರೋವೆಲ್ ಅವರ ‘ಅಟ್ಯಾಚ್‌ಮೆಂಟ್ಸ್’. ಬಂದದ್ದು 2011ರಲ್ಲಿ, ನಡೆಯುವುದು 1999ರಲ್ಲಿ, ಕಂಪ್ಯೂಟರುಗಳೆಲ್ಲ ಇಸವಿ ಬದಲಾದೊಡನೆ ಕೈಕೊಡುತ್ತವೆಂದು ಜಗತ್ತು ಹೆದರಿದ್ದ ದಿನಗಳಲ್ಲಿ. ಒಮಾಹಾ ಊರಿನ ಒಂದು ಪತ್ರಿಕಾಲಯ. ಲಿಂಕನ್ ಎಂಬ ಹುಡುಗನಿಗೆ ರಾತ್ರಿ ಪಾಳಿ. ನೌಕರರು ಆಫೀಸಿನ ಇಮೇಲಿನಲ್ಲಿ ಬರೆಯಬಾರದ್ದನ್ನು ಬರೆದರೆ ಯಂತ್ರ ಅದನ್ನು ಹೆಕ್ಕಿ ಇವನ ಮುಂದೆ ಹಾಕುತ್ತದೆ, ಇವನು ಎಚ್ಚರಿಕೆ ಕಳಿಸಬೇಕು. ಸಿನಿಮಾ ವಿಮರ್ಶೆ ಬರೆಯುವ ಬೆತ್ ತನ್ನ ಗೆಳತಿಗೆ ಬರೆದ ಹರಟೆ ಹೀಗೆ ಬಂದು ಬೀಳುತ್ತದೆ. ಎಚ್ಚರಿಕೆ ಕಳಿಸಬೇಕಾದವನು ಮುಂದಿನದನ್ನು ಓದಲು ಕಾಯತೊಡಗುತ್ತಾನೆ. ಮುಖ ನೋಡುವ ಮೊದಲೇ ಪ್ರೇಮ ಹುಟ್ಟಿರುತ್ತದೆ. ಇಲ್ಲಿ ಅವನ ಕೆಲಸವನ್ನು ತೆಗೆದರೆ ಕಥೆಯೇ ಇಲ್ಲ. ಪ್ರೇಮ ಹುಟ್ಟಿದ್ದು ಕೆಲಸದಿಂದ, ತಪ್ಪು ಹುಟ್ಟಿದ್ದೂ ಅದೇ ಕೆಲಸದಿಂದ. ಕದ್ದು ಓದಿದವನು “ನಿನ್ನನ್ನು ಬಲ್ಲೆ” ಎಂದು ಯಾವ ಬಾಯಲ್ಲಿ ಹೇಳುವುದು? ಆ ತಪ್ಪಿನ ಭಾರಕ್ಕೆ ಅವನು ನೌಕರಿ ಬಿಡುತ್ತಾನೆ.

ಆಸ್ಟ್ರೇಲಿಯಾದ ಸ್ಯಾಲಿ ಥಾರ್ನ್ ಅವರ ‘ದಿ ಹೇಟಿಂಗ್ ಗೇಮ್’ 2016ರದ್ದು, ಲಕ್ಷಗಟ್ಟಲೆ ಓದುಗರನ್ನು ಕುಣಿಸಿದ ಪುಸ್ತಕ. ಎರಡು ಪ್ರಕಾಶನ ಸಂಸ್ಥೆಗಳು ವಿಲೀನವಾಗಿವೆ. ಎರಡು ಕಡೆಯ ಮುಖ್ಯಸ್ಥರಿಗೂ ಒಬ್ಬೊಬ್ಬ ಸಹಾಯಕರು, ಲೂಸಿ ಮತ್ತು ಜೋಶುವಾ. ಎದುರುಬದುರು ಮೇಜು, ದಿನವಿಡೀ ದಿಟ್ಟಿಸಿ ನೋಡುವ ಪಂದ್ಯ, ಒಬ್ಬರನ್ನೊಬ್ಬರು ಅಣಕಿಸುವ ಆಟ. ಅಷ್ಟರಲ್ಲಿ ಒಂದು ಬಡ್ತಿಯ ಹುದ್ದೆ ತೆರೆಯುತ್ತದೆ, ಇಬ್ಬರೂ ಅರ್ಜಿ ಹಾಕುತ್ತಾರೆ. ಗೆದ್ದವರು ಸೋತವರಿಗೆ ಮೇಲಧಿಕಾರಿ. ಬ್ಯಾಂಕು ವಿಲೀನಗಳನ್ನು ಕಂಡವನಾಗಿ ಹೇಳುತ್ತೇನೆ, ವಿಲೀನದ ಮರುದಿನದ ಆ ಹಗೆ, ನಮ್ಮವರು ನಿಮ್ಮವರು ಎನ್ನುವ ಮಾತು, ಈ ಕಾದಂಬರಿಯಲ್ಲಿ ಹಾಸ್ಯದ ನಡುವೆಯೂ ನಿಜವಾಗಿ ಬಂದಿದೆ. ಉಳಿದದ್ದು ಸಕ್ಕರೆ ಸ್ವಲ್ಪ ಜಾಸ್ತಿಯಾದ ಪಾಯಸ. ಕೊನೆಗೆ ಏನಾಗುತ್ತದೆ? ಜೋಶುವಾ ಬೇರೆ ಕಡೆ ಕೆಲಸ ಹಿಡಿದು ಹೊರಡುತ್ತಾನೆ.

ಗಮನಿಸಿದಿರಾ? ಲಿಂಕನ್ ಹೊರಟ, ಜೋಶುವಾ ಹೊರಟ. ಚೇತನ್ ಭಗತರ ‘ಒನ್ ನೈಟ್ ಅಟ್ ದ ಕಾಲ್ ಸೆಂಟರ್’ 2005ರಲ್ಲಿ ಬಂದಾಗ ನಮ್ಮ ಮನೆಗಳ ಮಕ್ಕಳೂ ರಾತ್ರಿ ಎಂಟಕ್ಕೆ ಸುಮೋ ಹತ್ತಿ ಕೆಲಸಕ್ಕೆ ಹೋಗುತ್ತಿದ್ದರು. ಅದರಲ್ಲಿ ಗುರ್‌ಗಾಂವಿನ ಶ್ಯಾಮ್, ಫೋನೆತ್ತಿದೊಡನೆ ಸ್ಯಾಮ್ ಆಗಿಬಿಡುತ್ತಾನೆ. ಪಕ್ಕದಲ್ಲೇ ಹೆಡ್‌ಸೆಟ್ ಹಾಕಿ ಕೂತವಳು ಅವನ ಹಳೆಯ ಪ್ರೇಯಸಿ ಪ್ರಿಯಾಂಕಾ, ಅವಳಿಗೆ ಅಮೆರಿಕದ ವರ ಗೊತ್ತಾಗಿದ್ದಾನೆ. ದೇವರು ಫೋನ್ ಮಾಡುವ ಭಾಗದ ಬಗ್ಗೆ ನಾನೇನೂ ಹೇಳುವುದಿಲ್ಲ, ದೇವರ ಮರ್ಯಾದೆಯ ಪ್ರಶ್ನೆ. ಆದರೆ ಇಡೀ ರಾತ್ರಿ ಪರದೇಶದವರ ಓವನ್ನು, ಫ್ರಿಜ್ಜುಗಳ ದೂರಿಗೆ ಸುಳ್ಳು ಹೆಸರಿನಲ್ಲಿ ಸಮಾಧಾನ ಹೇಳುವವನಿಗೆ ಪಕ್ಕದ ಕುರ್ಚಿಯವಳೊಂದಿಗೆ ಸ್ವಂತ ಹೆಸರಿನಲ್ಲಿ ಒಂದು ಮಾತಾಡಲು ಪುರುಸೊತ್ತಿಲ್ಲ ಎನ್ನುವುದು ಒಳ್ಳೆಯ ಕಲ್ಪನೆ. ಶ್ಯಾಮನೂ ಕೊನೆಗೆ ಗೆಳೆಯನ ಜೊತೆ ಆ ಕೆಲಸ ಬಿಟ್ಟು ಸ್ವಂತದ್ದೊಂದು ಸಣ್ಣ ಕಂಪನಿ ಮಾಡುತ್ತಾನೆ.

ಹಿಂದಿನ ಪ್ರೇಮಕಥೆ ಮದುವೆಯ ಮಂಟಪದಲ್ಲಿ ಮಂಗಳ ಹಾಡುತ್ತಿತ್ತು. ಈ ಕಾಲದ ಕಚೇರಿ ಪ್ರೇಮಕಥೆಗೆ ಮಂಗಳವೆಂದರೆ ರಾಜೀನಾಮೆ ಪತ್ರ. ನಾನು ಇವತ್ತು ಹೇಳಬೇಕೆಂದು ಬಂದದ್ದು ಹೆಚ್ಚುಕಡಿಮೆ ಇಷ್ಟೇ. ಇಬ್ಬರನ್ನು ಒಂದೇ ಸೂರಿನಡಿ ತಂದು, ಹತ್ತಿರ ಮಾಡಿ, ಆಮೇಲೆ ಒಬ್ಬರನ್ನು ಹೊರಗೆ ಕಳಿಸದೆ ಕಾದಂಬರಿಕಾರರಿಗೆ ದಡ ಸೇರಲು ಆಗುತ್ತಿಲ್ಲ. ಯಾಕೆ? ಕಚೇರಿಗೆ ಏಣಿಯಿದೆ. ಇಬ್ಬರು ಒಂದೇ ಮೆಟ್ಟಿಲಲ್ಲಿ ನಿಂತಿರುವುದು ಅಪರೂಪ, ನಿಂತರೂ ಹೆಚ್ಚು ದಿನ ನಿಲ್ಲುವುದಿಲ್ಲ. ಮೇಲಿನ ಮೆಟ್ಟಿಲಿನವನು ಕೇಳಿದಾಗ ಕೆಳಗಿನವಳು ಹೂಂ ಎಂದರೆ ಅದು ಎಷ್ಟು ಪಾಲು ಹೂಂ, ಎಷ್ಟು ಪಾಲು ಕೆಲಸದ ಭಯ? ಅಳೆಯುವ ತಕ್ಕಡಿ ಯಾರ ಹತ್ತಿರವೂ ಇಲ್ಲ. ಹಾಗಾಗಿ ಕಥೆಗಾರರು ಏಣಿಯನ್ನೇ ತೆಗೆದಿಟ್ಟುಬಿಡುತ್ತಾರೆ.

ಈ ಎಚ್ಚರ ಮೊದಲು ಇರಲಿಲ್ಲ. ಹೆಲೆನ್ ಫೀಲ್ಡಿಂಗ್ ಅವರ ‘ಬ್ರಿಜೆಟ್ ಜೋನ್ಸ್ ಡೈರಿ’ 1996ರದ್ದು. ಪ್ರಕಾಶನ ಸಂಸ್ಥೆಯ ಮೇಲಧಿಕಾರಿ ಡೇನಿಯಲ್ ಕ್ಲೀವರ್, ಕೈಕೆಳಗಿನ ಬ್ರಿಜೆಟ್‌ಗೆ ಅವಳ ಲಂಗ ಎಷ್ಟು ಗಿಡ್ಡ ಎಂಬ ಬಗ್ಗೆ ಆಫೀಸಿನ ಕಂಪ್ಯೂಟರಿನಲ್ಲೇ ಸಂದೇಶ ಕಳಿಸುತ್ತಾನೆ. ಆಗ ಓದಿದವರು ನಕ್ಕರು, ನಾನೂ ನಕ್ಕಿದ್ದೆ. ಮರುವರ್ಷ, 1997ರಲ್ಲಿ, ನಮ್ಮ ಸುಪ್ರೀಂ ಕೋರ್ಟು ವಿಶಾಖಾ ಪ್ರಕರಣದಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಮಾರ್ಗಸೂಚಿ ಕೊಟ್ಟಿತು. 2013ರಲ್ಲಿ ಕಾಯ್ದೆ ಬಂತು, ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಕಡ್ಡಾಯವಾಯಿತು. 2017ರ ಅಕ್ಟೋಬರಿನಿಂದ ‘ಮೀ ಟೂ’ ಮಾತು ಲೋಕವೆಲ್ಲ ಹಬ್ಬಿತು. ಈಗ ಅದೇ ಪುಟ ತೆರೆದರೆ ನಗು ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ, ಆ ಸಂಬಂಧ ಮುರಿದ ಮೇಲೆ ಕೆಲಸ ಬಿಟ್ಟು ಹೋದವರು ಯಾರು? ಬ್ರಿಜೆಟ್. ಕ್ಲೀವರ್ ತನ್ನ ಕುರ್ಚಿಯಲ್ಲೇ ಇದ್ದ. ಹತ್ತೊಂಬತ್ತುನೂರ ತೊಂಬತ್ತರ ದಶಕದಲ್ಲಿ ಹೊರಟವಳು ಕೆಳಗಿನವಳು. 2016ರ ಹೊತ್ತಿಗೆ ಲೂಸಿ ಉಳಿದು ಜೋಶುವಾ ಹೊರಟ. ಇಪ್ಪತ್ತು ವರ್ಷದಲ್ಲಿ ಜನಪ್ರಿಯ ಕಥನದ ಮನಸ್ಸು ಎಷ್ಟು ಸರಿಯಿತು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ.

ಅಲಿ ಹೇಜಲ್‌ವುಡ್ ಅವರ ‘ದಿ ಲವ್ ಹೈಪಾಥೆಸಿಸ್’ (2021) ಕುರಿತು ಒಂದು ಮಾತು. ವಿಶ್ವವಿದ್ಯಾಲಯದ ಪ್ರಯೋಗಾಲಯವೂ ಕಚೇರಿಯೇ ತಾನೆ. ಸ್ಟ್ಯಾನ್‌ಫರ್ಡಿನಲ್ಲಿ ಪಿಎಚ್‌ಡಿ ಮಾಡುವ ಆಲಿವ್, ಅದೇ ವಿಭಾಗದ ಕಟುಸ್ವಭಾವದ ಪ್ರಾಧ್ಯಾಪಕ ಆಡಮ್ ಜೊತೆ ಪ್ರೇಮದ ನಾಟಕ ಹೂಡುತ್ತಾಳೆ. ಅವನು ಅವಳ ಗೈಡ್ ಅಲ್ಲ, ಲೇಖಕಿ ಇದನ್ನು ಜೋಪಾನವಾಗಿ ಮೊದಲೇ ಏರ್ಪಡಿಸಿದ್ದಾರೆ. ಕಥೆಯ ಜೀವ ಇರುವುದು ಪ್ರೇಮದಲ್ಲಲ್ಲ ಎಂದು ನನ್ನ ಅಭಿಪ್ರಾಯ. ಅವಳಿಗೆ ಲ್ಯಾಬಿನಲ್ಲಿ ಜಾಗ ಕೊಡಲು ಒಪ್ಪಿದ ಇನ್ನೊಬ್ಬ ವಿಜ್ಞಾನಿ, ಆಡಮನ ಗೆಳೆಯ, ಅವಳ ಮೇಲೆ ಕೈಹಾಕಲು ನೋಡಿ, ನಿನ್ನ ಮಾತನ್ನು ಯಾರೂ ನಂಬುವುದಿಲ್ಲ ಎನ್ನುತ್ತಾನೆ. ಅವಳೂ ಹಾಗೆಯೇ ನಂಬಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಒಂದೇ ಪುಸ್ತಕದೊಳಗೆ, ಒಂದೇ ಏಣಿಯ ಮೇಲೆ, ಒಬ್ಬನ ಪ್ರೇಮ ಮತ್ತು ಇನ್ನೊಬ್ಬನ ಕಿರುಕುಳ. ಆಕಸ್ಮಿಕವಾಗಿ ಫೋನಿನಲ್ಲಿ ಮಾತು ರೆಕಾರ್ಡ್ ಆಗಿಬಿಟ್ಟದ್ದು ಅವಳ ಪುಣ್ಯ. ನಿಜ ಜೀವನದಲ್ಲಿ ಫೋನು ಅಷ್ಟು ಹೊತ್ತಿಗೆ ಸರಿಯಾಗಿ ಚಾಲೂ ಇರುವುದಿಲ್ಲ.

ಜಪಾನಿಗೆ ಹೋಗೋಣ, ನನ್ನ ಮನಸ್ಸು ನಿಜವಾಗಿ ನಿಂತಿರುವುದು ಅಲ್ಲಿ. ಸಾಯಾಕಾ ಮುರಾತಾ ಅವರ ಕಿರು ಕಾದಂಬರಿಗೆ 2016ರಲ್ಲಿ ಅಕುತಗಾವಾ ಪ್ರಶಸ್ತಿ ಬಂತು. ಇಂಗ್ಲಿಷಿನಲ್ಲಿ ಅದು ‘ಕನ್ವೀನಿಯೆನ್ಸ್ ಸ್ಟೋರ್ ವುಮನ್’. ಲೇಖಕಿ ಸ್ವತಃ ಇಂಥ ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿದವರು. ಕೇಕೋ ಫುರುಕುರಾಗೆ 36 ವರ್ಷ, ಅದರಲ್ಲಿ 18 ವರ್ಷ ಒಂದೇ ಅಂಗಡಿಯ ಕೌಂಟರಿನಲ್ಲಿ ಕಳೆದಿವೆ. ಬಾಗಿಲಿನ ಗಂಟೆ, ಸ್ಕ್ಯಾನರಿನ ಸದ್ದು, ಫ್ರಿಜ್ಜಿನ ಬಾಟಲಿ ಉರುಳುವ ಸದ್ದು ಅವಳ ಮೈಯೊಳಗೇ ಕೂತಿವೆ. ಇವಳಿಗೇಕೆ ಮದುವೆಯಿಲ್ಲ, ಸರಿಯಾದ ನೌಕರಿಯಿಲ್ಲ ಎಂದು ಸುತ್ತಲಿನವರ ವರಾತ. ಅಲ್ಲಿಗೆ ಬಂದು, ಸೋಮಾರಿತನ ಮಾಡಿ, ಗಿರಾಕಿಯೊಬ್ಬಳ ಬೆನ್ನುಹತ್ತಿ ಕೆಲಸ ಕಳೆದುಕೊಂಡ ಶಿರಾಹಾ ಎಂಬವನನ್ನು ಅವಳು ಮನೆಗೆ ಕರೆತಂದು ಇಟ್ಟುಕೊಳ್ಳುತ್ತಾಳೆ, ಬೆಕ್ಕೋ ನಾಯಿಯೋ ಸಾಕಿದ ಹಾಗೆ. ಪ್ರೇಮವಿಲ್ಲ, ಕಾಮವಿಲ್ಲ. ಅವನಿಗೆ ಊಟ, ಅವಳಿಗೆ ಊರಿನ ಬಾಯಿಗೆ ಬೀಗ.

ವಿಷಯ ಅಂಗಡಿಯಲ್ಲಿ ತಿಳಿದ ದಿನದ ವರ್ಣನೆ ನೋಡಿ. ಕರಿದ ಕೋಳಿಯ ಕಡ್ಡಿಗಳನ್ನು ಕಡಿಮೆ ದರಕ್ಕೆ ಮಾರುವ ದಿನ ಎದುರಿಗಿದೆ, ಗುರಿ ಮುಟ್ಟಬೇಕು. ಕೇಕೋಗೆ ಅದೊಂದೇ ಚಿಂತೆ. ಮ್ಯಾನೇಜರೂ ಸಹೋದ್ಯೋಗಿಗಳೂ ಮಾರಾಟ ಮರೆತು, ಕಣ್ಣರಳಿಸಿ, ನೀವಿಬ್ಬರೂ ಯಾವಾಗಿನಿಂದ ಎಂದು ಮುತ್ತಿಕೊಳ್ಳುತ್ತಾರೆ. ಇಷ್ಟು ದಿನ ತನ್ನನ್ನು ಅಂಗಡಿಯ ಒಂದು ಒಳ್ಳೆಯ ಭಾಗವಾಗಿ ಕಂಡವರು, ಈಗ ಒಂದು ಹೆಣ್ಣಾಗಿ ಕಾಣುತ್ತಿದ್ದಾರೆ ಎನ್ನುವುದು ಅವಳಿಗೆ ಆಘಾತ. ಸಾಮಾನ್ಯ ಕಾದಂಬರಿಯಲ್ಲಿ ಇದು ಖುಷಿಯ ಪ್ರಸಂಗವಾಗುತ್ತಿತ್ತು. ಮುರಾತಾ ಅದನ್ನು ಅಪಘಾತದಂತೆ ಬರೆಯುತ್ತಾರೆ. ಪ್ರೇಮದ ವಾಸನೆ ಬಡಿದ ಕೂಡಲೇ ಇಡೀ ಕಚೇರಿ ಕೆಲಸ ಬಿಟ್ಟು ಹಳ್ಳಿಯ ಕಟ್ಟೆಯಾಗಿಬಿಡುತ್ತದೆ. ನಾವೆಲ್ಲ ಆ ಕಟ್ಟೆಯ ಮೇಲೆ ಕೂತವರೇ. ಶಿರಾಹಾನ ಒತ್ತಾಯಕ್ಕೆ ಕೇಕೋ ಕೂಡ ರಾಜೀನಾಮೆ ಕೊಡುತ್ತಾಳೆ. ಬೇರೆ ಕೆಲಸದ ಸಂದರ್ಶನಕ್ಕೆ ಹೋಗುವ ದಾರಿಯಲ್ಲಿ ಒಂದು ಅಂಗಡಿಗೆ ಕಾಲಿಡುತ್ತಾಳೆ, ಅಲ್ಲಿನ ಶೆಲ್ಫುಗಳು ಅಸ್ತವ್ಯಸ್ತವಾಗಿವೆ, ಕೈ ತಾನಾಗಿ ಜೋಡಿಸತೊಡಗುತ್ತದೆ. ಅವನನ್ನು ಬಿಡುತ್ತಾಳೆ, ಅಂಗಡಿಯನ್ನು ಆರಿಸಿಕೊಳ್ಳುತ್ತಾಳೆ. ರಾಜೀನಾಮೆಯನ್ನು ಹಿಂತೆಗೆದುಕೊಂಡ ನಾಯಕಿ ಇವಳೊಬ್ಬಳೇ. ಕಚೇರಿಯ ಪ್ರೇಮ ಎಂದರೆ ಕಚೇರಿಯ ಮೇಲಿನ ಪ್ರೇಮವೂ ಆಗಬಹುದು ಎಂದು ನನಗೆ ತೋರಿಸಿಕೊಟ್ಟವಳೂ ಇವಳೇ.

ಹಿರೋಮಿ ಕಾವಕಾಮಿ ಅವರ ‘ನಕಾನೋ ಥ್ರಿಫ್ಟ್ ಶಾಪ್’ ಇದರ ಸೌಮ್ಯ ಸೋದರಿ. ಟೋಕಿಯೋದ ಹಳೆಸಾಮಾನಿನ ಅಂಗಡಿ, ಗಲ್ಲೆಯ ಹತ್ತಿರ ಹಿತೋಮಿ, ಸಾಮಾನು ಎತ್ತಿ ತರುವ ತಕೆಯೋ. ಇಬ್ಬರಿಗೂ ಮಾತು ಬಾರದು. ಯಾರೋ ಬಿಟ್ಟುಹೋದ ಬಟ್ಟಲು, ಯಾರದೋ ಹಳೆಯ ದೀಪ, ಅವುಗಳ ಬೆಲೆಯ ಬಗ್ಗೆ ಮಾತಾಡುತ್ತಾ ತಮ್ಮ ಮಾತನ್ನು ಮುಂದಕ್ಕೆ ಹಾಕುತ್ತಾರೆ. ಅಂಗಡಿ ಮುಚ್ಚಿಹೋಗುತ್ತದೆ, ಆಮೇಲೆ ಬೇರೆಲ್ಲೋ ಎದುರಾಗುತ್ತಾರೆ. ಇಷ್ಟೇ. ಓದಿ.

ಕನ್ನಡಕ್ಕೆ ಮರಳುತ್ತೇನೆ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲೇ ಮುಂಬಯಿಯ ಕಂಪನಿಯ ಒಳಸುಳಿಗಳನ್ನು ನಾಗಪ್ಪನ ಮೂಲಕ ಬಿಚ್ಚಿತು. ಕಚೇರಿ ಎಂದರೆ ಬೇಟೆಯ ಕಾಡು ಎನ್ನುವುದನ್ನು ಅಷ್ಟು ಭಯಂಕರವಾಗಿ ಹೇಳಿದ ಮೇಲೆ ಅಲ್ಲಿ ಹೂವು ಅರಳಿಸಲು ಯಾರಿಗೆ ಧೈರ್ಯ ಬಂದೀತು? ಸಾಫ್ಟ್‌ವೇರ್ ಕಾಲದಲ್ಲಿ ಎಂ.ಆರ್. ದತ್ತಾತ್ರಿ, ವಿವೇಕ ಶಾನಭಾಗ, ವಸುಧೇಂದ್ರ ಮೊದಲಾದವರು ಹೊಸ ಕಚೇರಿಗಳನ್ನು ಒಳಗಿನಿಂದ ಬಲ್ಲವರಾಗಿ ಬರೆದರು. ಆ ಬರಹಗಳಲ್ಲಿ ಮಹತ್ವಾಕಾಂಕ್ಷೆಯಿದೆ, ಮೋಸವಿದೆ, ಕೆಲಸ ಹೋಗುವ ಭಯವಿದೆ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ, ಅಂದರೆ 377ನೇ ಸೆಕ್ಷನ್ ಕುರಿತ 2018ರ ತೀರ್ಪಿಗೆ ಐದು ವರ್ಷ ಮೊದಲು, ಗಂಡಸನ್ನು ಪ್ರೀತಿಸುವ ಗಂಡಸು ಈ ಲೋಕದಲ್ಲಿ ಹೇಗೆ ಬದುಕುತ್ತಾನೆಂದು ನಮಗೆ ಹೇಳಿತು. ಅಂಥವನಿಗೆ ಸಹೋದ್ಯೋಗಿಗಳ ಊಟದ ಮೇಜಿನಲ್ಲಿ “ಮದುವೆ ಯಾವಾಗ?” ಎಂಬ ಪ್ರಶ್ನೆಯೇ ಒಂದು ಪರೀಕ್ಷೆ ಎಂದು ನನಗೆ ಹೊಳೆದದ್ದು ಆ ಕಥೆಗಳ ನಂತರ. ನಾನು ಎಷ್ಟು ಜನರಿಗೆ, ಎಷ್ಟು ಸಲೀಸಾಗಿ, ಟಿಫಿನ್ ಡಬ್ಬಿ ಬಿಚ್ಚುತ್ತ ಆ ಪ್ರಶ್ನೆ ಕೇಳಿದ್ದೆ!

ಇಷ್ಟಾದರೂ ಎರಡು ಮೇಜುಗಳ ನಡುವೆ, ಆ ಮೇಜುಗಳ ಕೆಲಸದಿಂದಲೇ ಹುಟ್ಟಿದ ಪ್ರೇಮವನ್ನು ಇಡಿಯಾಗಿ ಹಿಡಿದ ಕನ್ನಡ ಕಾದಂಬರಿಗೆ ನಾನು ಇನ್ನೂ ಕಾಯುತ್ತಿದ್ದೇನೆ. ಸಾಮಗ್ರಿಗೆ ಬರವಿಲ್ಲ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಒಬ್ಬರು ಹೊಲಿದ ಕಾಲರು ಮುಂದಿನವರ ಕೈಗೆ ಹೋಗುತ್ತದೆ. ಶಾಲೆಯಲ್ಲಿ ಬಿಸಿಯೂಟದ ಲೆಕ್ಕವಿದೆ. ಡಿಪೋದಲ್ಲಿ ಚಾಲಕನೂ ನಿರ್ವಾಹಕಿಯೂ ಒಂದೇ ಬಸ್ಸಿನಲ್ಲಿ ದಿನಕ್ಕೆ ಎಂಟು ಗಂಟೆ, ನಡುವೆ ಒಂದು ಸೀಟಿಯ ಭಾಷೆ: ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಇದನ್ನು ಬರೆಯಬಲ್ಲವರು ಆ ಸೀಟಿಯನ್ನು ಕಿವಿಯಾರೆ ಕೇಳಿದವರೇ ಆಗಿರಬೇಕು.

ನನ್ನ ಶಾಖೆಯ ಆ ಇಬ್ಬರ ಕಥೆ ಅರ್ಧಕ್ಕೆ ನಿಂತಿದೆ. ಮದುವೆಯಾದರು. ಗಂಡ ಹೆಂಡತಿ ಒಂದೇ ಶಾಖೆಯಲ್ಲಿ ಇರಬಾರದೆಂದು ಒಬ್ಬರಿಗೆ ವರ್ಗವಾಯಿತು, ಅದು ನಿಯಮ, ಯಾರೂ ತಪ್ಪು ಹೇಳಲಿಲ್ಲ. ಅವನು ಪ್ರಮೋಷನ್ ಪರೀಕ್ಷೆ ಬರೆದ, ಆಫೀಸರ್ ಆದ, ಊರೂರು ಸುತ್ತಿ ದೊಡ್ಡ ಹುದ್ದೆಯಲ್ಲಿ ನಿವೃತ್ತನಾದ. ಆಕೆ ಪ್ರತಿ ಸಲ ಸುತ್ತೋಲೆ ಬಂದಾಗ ಓದಿ, ಸಹಿ ಹಾಕಿ, ಅರ್ಜಿ ತುಂಬದೆ ಮುಂದಿನ ಮೇಜಿಗೆ ದಾಟಿಸಿದರು. ಇಬ್ಬರೂ ಓಡಾಡಿದರೆ ಮಕ್ಕಳ ಶಾಲೆ ನೋಡುವವರಾರು? ಅದಕ್ಕೆ ರಾಜೀನಾಮೆ ಎಂಬ ಹೆಸರಿಲ್ಲ, ಪತ್ರವೂ ಇಲ್ಲ, ಬೀಳ್ಕೊಡುಗೆಯೂ ಇಲ್ಲ. ಆಕೆ ಗುಮಾಸ್ತೆಯಾಗಿ ಸೇರಿದರು, ಗುಮಾಸ್ತೆಯಾಗಿಯೇ ನಿವೃತ್ತರಾದರು.

ಹೋದ ವರ್ಷ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಮೊಮ್ಮಗಳ ಶಾಲೆಯ ಫೀಸಿನ ಚೆಕ್ಕು ಬರೆಯುತ್ತಿದ್ದ ಗೆಳೆಯ, ಬರೆದು ಮುಗಿಸಿ ಹೆಂಡತಿಯ ಕಡೆ ಚಾಚಿದ. ಆಕೆ ಕನ್ನಡಕ ಏರಿಸಿ, ಅಂಕಿಯನ್ನೂ ಅಕ್ಷರವನ್ನೂ ಒಂದಾದ ಮೇಲೊಂದು ನೋಡಿ, ಬೆರಳಿನಿಂದ ಗಾಳಿಯಲ್ಲಿ ಒಂದು ಟಿಕ್ ಹಾಕಿ ವಾಪಸು ಕೊಟ್ಟರು.